ಹೇಳಿ ಕಳಿಸಿ ಮಾಡಿದ ಸಮೀಕ್ಷೆ

ಪ್ರವಾಹದಲ್ಲಿ ಮನೆ ಕಳೆದುಕೊಂಡವರ ಶೆಡ್ಡುಗಳಲ್ಲಿ ಆಕೆಗೆ ಪ್ರಶ್ನೆ ಅಕ್ಕ ಎಂದೇ ಹೆಸರು. ಪರಿಹಾರ ಸಂಸ್ಥೆಯೊಂದಕ್ಕೆ ಸಮೀಕ್ಷೆ ಮಾಡಿಕೊಡುವುದು ಆಕೆಯ ಕೆಲಸ. ಆಕೆ ತಂದ ಉತ್ತರ ನೋಡಿಯೇ ಯಾರಿಗೆ ಏನು ಕೊಡಬೇಕು, ಏನು ನಿಲ್ಲಿಸಬೇಕು ಎಂದು ದೊಡ್ಡವರು ತೀರ್ಮಾನಿಸುತ್ತಿದ್ದರು. ಬೇರೆ ಸಮೀಕ್ಷೆಯವರನ್ನು ಬಾಗಿಲಲ್ಲೇ ಸಾಗಹಾಕುತ್ತಿದ್ದ ಜನ ಈಕೆಯನ್ನು ಒಳಗೆ ಕರೆದು ಕೂರಿಸುತ್ತಿದ್ದರು. ಯಾಕೆ ಕೂರಿಸುವುದಿಲ್ಲ ಹೇಳಿ? ಯಾರ ಮನೆಗೂ ಏಕಾಏಕಿ ನುಗ್ಗಿದವಳಲ್ಲ. "ನಾಳೆ ಬರ್ತೀನಿ" ಎಂದು ಹಿಂದಿನ ದಿನವೇ ಹೇಳಿ ಕಳಿಸುವಳು. ಆ ಬಗ್ಗೆ ಕೊಂಚ ಜಂಬವೂ ಇತ್ತೆನ್ನಿ.

ಈ ಸಲ ಕೇಳಬೇಕಿದ್ದದ್ದು ಸಂಸ್ಥೆ ಹಂಚಿದ್ದ ಹೊಸ ಒಲೆಯ ಬಗ್ಗೆ. ಹೊಗೆ ಕಡಿಮೆ, ಅರ್ಧ ಸೌದೆ ಸಾಕು. ಆ ಸೌದೆಯನ್ನೂ ಸಂಸ್ಥೆಯೇ ಕೊಡುತ್ತಿತ್ತು. ಹೋದ ಮನೆಯಲ್ಲೆಲ್ಲ ಒಲೆ ಥಳಥಳ ಹೊಳೆಯುತ್ತ ಉರಿಯುತ್ತಿತ್ತು. ಕಣ್ಣಾರೆ ಕಂಡದ್ದನ್ನೇ ಬರೆದುಕೊಂಡಳು. ತಿಂಗಳುಗಟ್ಟಲೆ ಉರಿದ ಒಲೆಗೆ ಮಸಿಯೇ ಇಲ್ಲವಲ್ಲ ಎಂದು ಒಂದು ಸಲವಾದರೂ ಯೋಚಿಸಬಾರದೇ, ಪುಣ್ಯಾತ್ಗಿತ್ತಿ!

ವರದಿ ಕೊಟ್ಟ ಮೇಲೆ, ಮರೆತು ಬಂದಿದ್ದ ಕನ್ನಡಕಕ್ಕಾಗಿ ದರ್ಜಿ ಹೆಂಗಸಿನ ಶೆಡ್ಡಿಗೆ ಹೋದಳು. ಹೊಸ ಒಲೆ ಬಟ್ಟೆ ಸುತ್ತಿಸಿಕೊಂಡು ಮಂಚದ ಕೆಳಗಿತ್ತು. ಹಿತ್ತಲಲ್ಲಿ ಮೂರು ಕಲ್ಲಿನ ಮೇಲೆ ದೊಡ್ಡ ಪಾತ್ರೆ. ದರ್ಜಿಯ ಅತ್ತೆ ಕೆಮ್ಮುತ್ತ ಊದುತ್ತಿದ್ದಳು. ದರ್ಜಿಯ ಮುಖ ಸಣ್ಣದಾಯಿತು.

"ನಮ್ಮ ಪಾತ್ರೆ ಅದರ ಮೇಲೆ ಕೂರಲ್ಲ ಅಕ್ಕ. ನೀವು ಬರ್ತೀರಂತ ಹಚ್ಚಿಟ್ಟಿದ್ವಿ. ಇಲ್ಲಿ ಎಲ್ಲರೂ ಅಷ್ಟೇ. ಕೊಟ್ಟವರ ಮುಂದೆ ಇದು ಉಪಯೋಗಕ್ಕಿಲ್ಲ ಅನ್ನೋಕಾಗುತ್ತಾ?"

ಮಾರನೆಯ ದಿನ ಸಂಸ್ಥೆಯ ಸಭೆ. ನಿರ್ದೇಶಕರು ಆಕೆಯ ವರದಿ ಎತ್ತಿ ಹಿಡಿದರು. "ಪುರಾವೆ ಅಂದ್ರೆ ಹೀಗಿರಬೇಕು. ಎಲ್ಲರೂ ಹೊಸ ಒಲೆಗೆ ಹೊಂದಿಕೊಂಡಿದ್ದಾರೆ. ಇನ್ನು ಸೌದೆ ಅರ್ಧ ಕೊಟ್ಟರೆ ಸಾಕು."

ಚಪ್ಪಾಳೆ ಬಿತ್ತು. ಆಕೆಗೆ ನಾಚಿಕೆಯಿಂದ ಮೈಯೆಲ್ಲ ಹಿಡಿಯಷ್ಟಾಯಿತು. ಬಾಯಿ ಮುಚ್ಚಿಕೊಂಡಿದ್ದರೆ ತನ್ನ ಹೆಸರು ಉಳಿಯುತ್ತದೆ, ಆದರೆ ಸೌದೆ ಸಾಲದೆ ಆ ಪಾತ್ರೆಗಳಲ್ಲಿ ಅಡುಗೆ ಅರೆಬೆಂದೇ ಇಳಿಯುತ್ತದೆ. ಎದ್ದು ನಿಂತಳು.

"ಸರ್, ಸೌದೆ ಕಡಿಮೆ ಮಾಡಬೇಡಿ. ಅವರು ಆ ಒಲೆ ಹಚ್ಚಿದ್ದು ನನಗೋಸ್ಕರ."

ವಿಷಯ ಕೇಳಿ ನಿರ್ದೇಶಕರು ಕನ್ನಡಕ ತೆಗೆದಿಟ್ಟರು. "ಎಷ್ಟು ಮನೇಲಿ ಹೀಗೆ?"

"ಗೊತ್ತಿಲ್ಲ ಸರ್. ಅದೊಂದು ಮನೆ ಬಿಟ್ರೆ, ಹೇಳಿ ಕಳಿಸದೆ ನಾನು ಎಲ್ಲಿಗೂ ಹೋಗಿಲ್ಲ."

ಯಾರೂ ಆಕೆಯ ಕಡೆ ನೋಡಲಿಲ್ಲ. ಬೈದಿದ್ದರೂ ಎಷ್ಟೋ ವಾಸಿಯಾಗಿತ್ತು. ಕೊನೆಗೆ ನಿರ್ದೇಶಕರೇ, "ಸೌದೆ ಸದ್ಯಕ್ಕೆ ಹೀಗೇ ಇರಲಿ. ನೀವು ಮತ್ತೆ ಹೋಗಿ. ಈ ಸಲ ಹೇಳದೆ ಹೋಗಿ" ಎಂದರು.

ಅಡುಗೆಯ ಹೊತ್ತಿಗೇ ಹೋದಳು. ಮೊದಲ ಶೆಡ್ಡಿನ ಅಜ್ಜಿ ಹರಕು ಸೀರೆಯಲ್ಲಿ ಹೊಗೆಯ ನಡುವೆ ಕೂತಿದ್ದಳು. ಈಕೆಯನ್ನು ಕಂಡದ್ದೇ ಗಡಬಡಿಸಿ ಎದ್ದು, ಹರಿದ ಕಡೆಯನ್ನು ಒಂದು ಕೈಯಲ್ಲಿ, ನೀರಿನಂಥ ಗಂಜಿಯನ್ನು ಇನ್ನೊಂದು ಕೈಯಲ್ಲಿ ಮರೆಮಾಡಲು ನೋಡಿದಳು. ಎರಡೂ ಆಗಲಿಲ್ಲ.

"ಒಂದು ಮಾತು ಹೇಳಿ ಕಳಿಸಬಾರದಿತ್ತಾ ಮಗಳೇ?"

ಆಕೆ ಬಗ್ಗಿ, ಹೊಸ ಒಲೆಯ ಮೇಲೆ ಕೂರದ ಆ ಪಾತ್ರೆಯ ತಳ ಅಳೆಯತೊಡಗಿದಳು.