ಹಿರಿಯರ ಹೆಸರಿನಲ್ಲಿ ಉಂಡ ಒಂಬತ್ತು ಊಟ

ಹದಿನೈದು ದಿನ ನಾನು ಹೆಂಡತಿಗೆ ಸುಳ್ಳು ಹೇಳಿದೆ. ಅದೂ ಸತ್ತವರ ಹೆಸರಿನಲ್ಲಿ. ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಇದನ್ನು ಬರೆದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ.

ನಮ್ಮಿಬ್ಬರಿಗೂ ಸಕ್ಕರೆ ಕಾಯಿಲೆ. ತರೀಕೆರೆಯ ಡಾಕ್ಟರಮ್ಮ ಮೂರು ತಿಂಗಳು ಮಾಂಸ, ಸಿಹಿ ಬಿಟ್ಟು ಸೊಪ್ಪು, ಕಾಳು, ತರಕಾರಿ ತಿನ್ನಲು ಹೇಳಿದರು. ಕರುಳಿನಲ್ಲಿ ಲೆಕ್ಕವಿಲ್ಲದಷ್ಟು ಒಳ್ಳೆಯ ಸೂಕ್ಷ್ಮಜೀವಿಗಳಿವೆಯಂತೆ. ನಾರಿನಂಶವೇ ಅವುಗಳ ಆಹಾರವಂತೆ. ಅವು ಚೆನ್ನಾಗಿದ್ದರೆ ಸಕ್ಕರೆ ಹತೋಟಿಗೆ ಬರಲು ಸಹಾಯವಂತೆ. ನನಗೆ ಒಂದೂ ತಲೆಗೆ ಹೋಗಲಿಲ್ಲ. ಎಮ್ಮೆದೊಡ್ಡಿ ಕಡೆ ದನಗಳ ನಡುವೆಯೇ ಬೆಳೆದ ನನ್ನ ಹೆಂಡತಿಗೆ ತಕ್ಷಣ ಅರ್ಥವಾಯಿತು.

"ದನ ಇದ್ದಂಗೆ ಕಣ್ರೀ. ಒಂದೇ ಹುಲ್ಲು ಹಾಕಿದ್ರೆ ಬಡಕಲಾಗ್ತವೆ. ತರಾವರಿ ಮೇವು ಬೇಕು."

ಅಂದಿನಿಂದ ಅಜ್ಜಂಪುರದ ನಮ್ಮ ಮನೆಯಲ್ಲಿ ಮೇವು ಶುರುವಾಯಿತು. ದಂಟು, ನುಗ್ಗೆ, ಹೊನಗೊನ್ನೆ ಸೊಪ್ಪು, ಮೊಳಕೆ ಹುರುಳಿ. ನನ್ನ ಹೊಟ್ಟೆ ಗುಡುಗುಡು ಅಂದರೆ ಅವಳ ಮುಖ ಅರಳುತ್ತಿತ್ತು. "ಕೇಳುಸ್ತಾ? ಮೆಲುಕು ಹಾಕ್ತಾವೆ." ಮನೆಯೊಳಗೆ ಗಾಳಿಯ ಓಡಾಟ ಹೆಚ್ಚಾಯಿತು ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಎರಡು ತಿಂಗಳು ನೆಟ್ಟಗಿದ್ದೆ. ಅಷ್ಟರಲ್ಲಿ ಪಿತೃಪಕ್ಷ ಬಂತು. ತೀರಿಕೊಂಡ ಹಿರಿಯರಿಗೆ ಇಷ್ಟವಾಗಿದ್ದನ್ನೆಲ್ಲ ಮಾಡಿ ಎಡೆ ಇಟ್ಟು, ಬಾಗಿಲು ಮುಚ್ಚಿ, ಅವರು ಉಂಡಿರಬಹುದು ಅನ್ನಿಸಿದ ಮೇಲೆ ನೆಂಟರೆಲ್ಲ ಕೂತು ಉಣ್ಣುವುದು ನಮ್ಮಲ್ಲಿ ಪದ್ಧತಿ. ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ದಿನ. ನಮ್ಮ ಹಿರಿಯರೋ, ಬಾಡಿನ ಸಾರು, ಕಜ್ಜಾಯ ಬಿಟ್ಟು ಬೇರೇನನ್ನೂ ಇಷ್ಟಪಟ್ಟವರಲ್ಲ.

ಮಂಡಿನೋವಿನ ಹೆಂಡತಿ ಆಸ್ಪತ್ರೆಗಲ್ಲದೆ ಬಸ್ಸು ಹತ್ತುವುದಿಲ್ಲ. ನಾನೊಬ್ಬನೇ ಹೊರಟೆ. ಕಡೂರಿನ ಷಡ್ಡಕ, "ಎಡೆ ಊಟ ಬ್ಯಾಡ ಅನ್ಬಾರ್ದಪ್ಪಾ" ಅಂದ. ನಾನು ಬೇಡ ಅಂದೇ ಇರಲಿಲ್ಲ.

ಮನೆಗೆ ಬಂದರೆ ಅವಳದು ಒಂದೇ ಪ್ರಶ್ನೆ. "ಏನ್ ಉಂಡ್ರಿ?"

"ಮಜ್ಜಿಗೆ ಅನ್ನ ಕಣೇ. ಹಿರೀಕರಿಗೆ ಕೈ ಮುಗ್ದು ಬಂದೆ."

ಅವಳು ನಂಬಿದಳು. ನಂಬಿ, ರಾತ್ರಿ ಊಟಕ್ಕೆ ಹುರುಳಿಯನ್ನೂ ಬಡಿಸಿದಳು.

ಮೂರು ತಿಂಗಳು ಮುಗಿದಾಗ ರಕ್ತ ಪರೀಕ್ಷೆಯಾಯಿತು. ಅವಳ ಸಕ್ಕರೆ ಇಳಿದಿತ್ತು. ನನ್ನದು ಮೊದಲಿಗಿಂತ ಏರಿತ್ತು. ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ನಾನು ಗೋಡೆಯ ಮೇಲಿದ್ದ ಕರುಳಿನ ಚಿತ್ರ ನೋಡಿದೆ.

ಮಾರನೆಯ ಬೆಳಿಗ್ಗೆ ಹೆಂಡತಿ ತನ್ನ ಪಾಲಿನ ಸೊಪ್ಪು, ಕಾಳನ್ನೆಲ್ಲ ನನ್ನ ತಟ್ಟೆಗೆ ಸುರಿದು, ತಾನು ಬರೀ ಅನ್ನ ಕಲೆಸಿಕೊಂಡಳು.

"ನನ್ ದನ ತಡ್ಕೊಳ್ತವೆ. ನಿಮ್ಮವು ಪಾಪ ಸೊರಗ್ಬಿಟ್ಟವೆ. ನನ್ ಕೈ ಅಡಿಗೇಲೇ ಏನೋ ಕೊರತೆ ಕಣ್ರೀ."

ಅವಳ ಕಣ್ಣು ತುಂಬಿತ್ತು. ಹೀಗೇ ಬಿಟ್ಟರೆ ಇಳಿದಿದ್ದ ಅವಳ ಸಕ್ಕರೆಯೂ ನನ್ನಿಂದಲೇ ಏರುತ್ತಿತ್ತು. ಅವಳ ಪಾಲನ್ನು ಅವಳ ತಟ್ಟೆಗೇ ಮರಳಿ ಹಾಕಿ ಎಲ್ಲವನ್ನೂ ಹೇಳಿಬಿಟ್ಟೆ.

"ಎಷ್ಟು ಮನೆ?"

"ಒಂಬತ್ತು."

"ಕಜ್ಜಾಯ?"

"ಒಂಬತ್ ಕಡೆನೂ."

ಅವಳು ಕೂಗಾಡಲಿಲ್ಲ. ನಿಧಾನವಾಗಿ ತನ್ನ ಸೊಪ್ಪು ಅಗಿದು ನುಂಗಿ ಹೇಳಿದಳು: "ನೀವು ಹೋದ್ಮ್ಯಾಲೆ ನಿಮ್ಮ ಎಡೆಗೆ ಹೊನಗೊನ್ನೆ ಪಲ್ಯ, ಮೊಳಕೆ ಹುರುಳಿ. ವರ್ಷಾ ವರ್ಷಾನೂ. ನೆಂಟರಿಗೆಲ್ಲ ಈಗ್ಲೇ ಹೇಳಿಟ್ಟಿರ್ತೀನಿ."

ಅಂದಿನಿಂದ ನಾನು ತಟ್ಟೆಯಲ್ಲಿ ಒಂದು ಎಲೆಯನ್ನೂ ಬಿಟ್ಟಿಲ್ಲ. ಸಕ್ಕರೆ ಇಳಿಯತೊಡಗಿದೆ. ನಿನ್ನೆ ಅವಳ ಮುಖ ನೋಡಿಕೊಂಡು ಮೆಲ್ಲಗೆ ಕೇಳಿದೆ: "ನನ್ ಎಡೇಲಿ ಒಂದ್ ತುಂಡು ಬಾಡಾದ್ರೂ ಇಡುಸ್ತೀಯೇನೇ?"

"ಮುಂದಿನ್ ರಿಪೋರ್ಟ್ ಬರ್ಲಿ, ನೋಡಾಣ" ಅಂದಳು.