ಕೊನೆಯ ಗುಡ್ಡೆ ಸಿದ್ದಣ್ಣನದು

ಹೋದ ವರ್ಷದ ಯುಗಾದಿಯ ಮಾರನೆಯ ದಿನ, ಹೊಸತೊಡಕು. ಅಂತರಸಂತೆ ಹತ್ತಿರದ ನಮ್ಮೂರಿನಲ್ಲಿ ಅಂದು ಹತ್ತು ಮನೆಯವರು ಸೇರಿ ಕುರಿ ಕೊಯ್ದು, ಮುತ್ತುಗದ ಎಲೆಗಳ ಮೇಲೆ ಹತ್ತು ಸಮ ಗುಡ್ಡೆ ಹಾಕಿ ಹಂಚಿಕೊಳ್ಳುತ್ತೇವೆ. ಯಾವ ಮನೆಯ ಎಲೆ ಎಲ್ಲೆಂದು ಮೊದಲೇ ಗೊತ್ತು. ಸಂತೆಯಿಂದ ಸಂತೆಗೆ ತಿರುಗಿ ಚೌಕಾಸಿ ಮಾಡಿಯೇ ಮನೆ ಕಟ್ಟಿದವನು ನಾನು. ಕುರಿ ಆರಿಸುವುದು ನನ್ನ ಪಾಲಿನ ಕೆಲಸ. ಗುಡ್ಡೆ ಹಾಕುವುದು ಪಕ್ಕದ ಮನೆಯ ಸಿದ್ದಣ್ಣನದು. ಅವನ ಕೈಯಲ್ಲಿ ಒಂದು ತುಂಡೂ ಹೆಚ್ಚುಕಮ್ಮಿ ಆಗುತ್ತಿರಲಿಲ್ಲ.

ಹಿಂದಿನ ಮಳೆಗಾಲದಲ್ಲಿ ಅವನು ಬೈಕಿನಿಂದ ಬಿದ್ದು ಹಣೆಗೆ ಪೆಟ್ಟಾಗಿತ್ತು. ಗಾಯ ವಾಸಿಯಾಯಿತು, ನಡೆ ನುಡಿ ಸರಿಯಾಯಿತು. ಆದರೆ ರೇಷನ್ ಸಾಲಿನಲ್ಲಿ ಎಲ್ಲರನ್ನೂ ತಳ್ಳಿ ಮುಂದೆ ಹೋಗುತ್ತಿದ್ದ, ಪಕ್ಕದವರ ತಟ್ಟೆಗೇ ಕೈ ಹಾಕುತ್ತಿದ್ದ. ಮೈಸೂರಿನ ಡಾಕ್ಟರು ನನಗೂ ಹೇಳಿದ್ದರು: "ನ್ಯಾಯ ಯಾವುದು ಅಂತ ಅವರಿಗೆ ಗೊತ್ತು. ಆಸೆಗೆ ಬ್ರೇಕ್ ಹಾಕೋದು ಹಣೆ ಹಿಂದಿನ ಮಿದುಳು, ಅದಕ್ಕೆ ಏಟಾಗಿದೆ. ಬೈಬೇಡಿ. ನಿಯಮ ಕಣ್ಣೆದುರಿಗೆ ಇರಲಿ."

ಅಂದು ಸಿದ್ದಣ್ಣ ಎಂದಿನಂತೆ ಕೂತ. ಕೂತವನೇ ತೊಡೆ ಮಾಂಸವನ್ನೆಲ್ಲ ತನ್ನ ಎಲೆಗೇ ಸುರಿದುಕೊಂಡ.

"ಎದ್ದೇಳಯ್ಯ! ಮುಂದಿನ ವರ್ಷದಿಂದ ನಿನ್ ಪಾಲೇ ಬ್ಯಾಡ," ಎಂದು ಎದುರು ಮನೆಯ ಕೆಂಪಣ್ಣ ಕೂಗಿದ.

ಸಿದ್ದಣ್ಣನ ಹೆಂಡತಿ ಗೌರಮ್ಮ ಕಣ್ಣು ಒರೆಸಿಕೊಂಡು ಬಂದು ಗಂಡನ ರಟ್ಟೆ ಹಿಡಿದರು. "ಬುಡಿ, ಕರ್ಕೊಂಡೋಯ್ತೀನಿ. ಅವ್ರು ಮೊದ್ಲಿನಂಗಿಲ್ಲ."

ಒಮ್ಮೆ ಎದ್ದು ಹೋದರೆ ಅವನು ಇನ್ನೆಂದೂ ಊರಿನ ನಡುವೆ ಕೂರುವುದಿಲ್ಲ ಅನ್ನಿಸಿತು ನನಗೆ.

"ತಡೀರಿ ಅತ್ತಿಗೆ," ಎಂದೆ. "ಎಲ್ಲಾ ವಾಪಸ್ ಒಟ್ಟು ಮಾಡ್ರೋ. ಅಣ್ಣ, ಗುಡ್ಡೆ ನೀನೇ ಆಕು. ಈ ಸಲ ಯಾವ ಎಲೆನೂ ಯಾರ್ದೂ ಅಲ್ಲ. ನಾವ್ ಒಂಬತ್ ಜನ ಬೇಕಾದ್ದ ಮೊದ್ಲು ಎತ್ಕತೀವಿ. ಉಳ್ಕೊಂಡಿದ್ದು ನಿಂದು."

ಅವನು ನನ್ನನ್ನೇ ದಿಟ್ಟಿಸಿದ. ಕೈ ಎರಡು ಸಲ ತೊಡೆ ಮಾಂಸದ ಕಡೆ ಹೋಯಿತು, ಎರಡು ಸಲವೂ ನಿಂತಿತು. ಆಮೇಲೆ ಒಂದೊಂದೇ ತುಂಡು ಇಡತೊಡಗಿದ. ಬಿಸಿಲು ನೆತ್ತಿಗೆ ಬಂದರೂ ಯಾರೂ ಅವಸರ ಮಾಡಲಿಲ್ಲ. ಮುಗಿದಾಗ, ಯಾವುದನ್ನು ಎತ್ತಿಕೊಳ್ಳಬೇಕೆಂದು ಕೆಂಪಣ್ಣನೇ ಗೊಂದಲಕ್ಕೆ ಬಿದ್ದ.

ಆಗ ಸಿದ್ದಣ್ಣ ನನ್ನ ಕಡೆ ತಿರುಗಿದ. "ವರ್ಷಾವರ್ಷ ನಾನು ಕೈ ತೊಳ್ಯಕ್ ಎದ್ದಾಗ ಲಿವರ್ ತುಂಡ ನಿನ್ ಎಲೆಗೆ ಜಾರುಸ್ತಿದ್ದಲ್ಲಾ, ನೋಡಿಲ್ಲ ಅನ್ಕೊಂಡಿದ್ಯೇನ್ಲಾ? ನಂಗೆ ತಲೆಗೆ ಏಟು ಬಿದ್ದದೆ. ನಿಂಗೇನಾಗಿತ್ತು?"

ಊರೇ ನಕ್ಕಿತು. ಗೌರಮ್ಮನೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಚೌಕಾಸಿಯವನಾದ ನಾನು ಅಂದು ಆರಿಸದೆ ಕೈಗೆ ಸಿಕ್ಕ ಎಲೆ ಎತ್ತಿಕೊಂಡೆ.

ನಿಮ್ಮೂರಿನಲ್ಲೂ ಇಂಥವರಿದ್ದರೆ ಎಬ್ಬಿಸಿ ಕಳಿಸಬೇಡಿ. ಕೊನೆಯ ಪಾಲು ಅವರದೆಂದು ಹೇಳಿ ಕೆಲಸ ಕೊಟ್ಟು ನೋಡಿ. ಈ ವರ್ಷವೂ ಗುಡ್ಡೆ ಹಾಕಿದ್ದು ಸಿದ್ದಣ್ಣನೇ. "ಕೊನೇದು ನಂದು, ಕೊನೇದು ನಂದು" ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಅವನು ಕೈ ತೊಳೆಯಲು ಎದ್ದಾಗ ನಾನು ನನ್ನೆರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ.