ಕೊನೆಯ ಪಂಕ್ತಿ

ಕಿರಂಗೂರಿನ ನಮ್ಮ ಪಕ್ಕದ ಮನೆಯವರೊಬ್ಬರು ವಿದೇಶಿ ಪ್ರವಾಸಿ ಹಡಗಿನಲ್ಲಿ ಊಟ ಬಡಿಸುತ್ತಿದ್ದರು. ಮನೆಯಲ್ಲಿ ಕಾಫಿ ಕೊಟ್ಟರೂ ಒಂದು ಹೆಜ್ಜೆ ಹಿಂದೆ ಸರಿದು ತಲೆಬಾಗುವರು. ಕೊರೊನಾ ಕಾಲದಲ್ಲಿ ರಜೆಗೆ ಬಂದಾಗ ಹೇಳಿದ್ದರು: "ಸಾವಿರ ಜನ ಉಣ್ಣೋ ಕಡೆ ಒಂದಿನ ಒಬ್ಳೇ ಅಜ್ಜಿ ಬಂದ್ಲು ಕಣಣ್ಣ. ಎಲ್ಲಾ ಟೇಬಲ್‌ಗೂ ದೀಪ ಅಚ್ಚಿದ್ವಿ. ಒಬ್ರಾದ್ರೇನು, ಬಂದೋರು ಬಂದೋರೇ."

ಅದೇ ತಿಂಗಳು ಪಾಂಡವಪುರದ ಛತ್ರದಲ್ಲಿ ನನ್ನ ಮಗಳ ಮದುವೆ. ಅಷ್ಟು ದೊಡ್ಡ ಛತ್ರಕ್ಕೆ ಐವತ್ತೇ ಜನರ ಅನುಮತಿ. ಖಾಲಿ ಕುರ್ಚಿಗಳನ್ನು ನೋಡಿ ನಾನು ಕುಗ್ಗಿಹೋಗಿದ್ದೆ. ಬಡಿಸಲು ಪಕ್ಕದ ಮನೆಯ ಅವರೇ ನಿಂತಿದ್ದರು. ಕೊನೆಯ ಪಂಕ್ತಿಗೆ ಉಳಿದವನು ಮದುವೆಗೆ ಹಾಲು ತಂದಿದ್ದ ವ್ಯಾನಿನ ಡ್ರೈವರ್ ಒಬ್ಬನೇ.

"ನಂಗೊಬ್ನಿಗ್ಯಾಕೆ ಎಲೆ? ಪೊಟ್ಣ ಕಟ್ಕೊಟ್ಬುಡಿ," ಎಂದ.

"ಒಬ್ರಾದ್ರೇನು!" ಎಂದು ಅವರು ಅವನನ್ನು ಊಟದ ಮನೆಯ ನಡುವೆ ಕೂರಿಸಿ, ಆರಿಸಿದ್ದ ಲೈಟನ್ನೆಲ್ಲ ಮತ್ತೆ ಹಾಕಿಸಿದರು. ಉಪ್ಪಿನಿಂದ ಮಜ್ಜಿಗೆಯವರೆಗೆ ಒಂದೊಂದನ್ನೂ ಪಂಕ್ತಿಯ ತುದಿಯಿಂದ, ಖಾಲಿ ಜಾಗಗಳನ್ನೆಲ್ಲ ದಾಟಿಕೊಂಡು ತಂದು ಬಡಿಸಿದರು. ಪ್ರತಿ ಸಲವೂ ಒಂದು ಹೆಜ್ಜೆ ಹಿಂದೆ ಸರಿದು ತಲೆಬಾಗಿದರು. ನಾನು ಬಾಗಿಲಲ್ಲೇ ಬೆರಗಾಗಿ ನಿಂತುಬಿಟ್ಟೆ.

ಡ್ರೈವರ್ ಕೈತೊಳೆದು ಬಂದು ನನಗೆ ಕೈಮುಗಿದ.

"ಬಾಳ ಜೋರಾಗ್ ಮಾಡ್ಬುಟ್ರಿ ಕಣಣ್ಣ, ಮದ್ವೇನ."